ಇಸ್ತಾಂಬುಲಿನಲ್ಲಿ ಒಂದು ಹಿಡಿ ರವೆ

ಇಸ್ತಾಂಬುಲಿನಲ್ಲಿ ನಮ್ಮ ನೃತ್ಯ ಕಾರ್ಯಕ್ರಮಕ್ಕೆ ಇನ್ನು ಏಳು ಗಂಟೆ ಇರುವಾಗ ಗೊತ್ತಾಯಿತು, ರವೆಯ ಡಬ್ಬಿ ಮೈಸೂರಿನ ಮನೆಯ ಅಡುಗೆಕಟ್ಟೆಯ ಮೇಲೇ ಉಳಿದಿದೆ ಎಂದು. ಮೃದಂಗ ಬಂದಿದೆ, ಶ್ರುತಿ ಮಾಡುವ ಕಲ್ಲು ಬಂದಿದೆ, ಜರಿಪಂಚೆಯೂ ಬಂದಿದೆ. ರವೆ ಮಾತ್ರ ಇಲ್ಲ.

ಮೃದಂಗದ ಬಲಗಡೆಯ ಕಪ್ಪು ಕರಣೆ ಕಾಯಂ ಅಂಟಿಕೊಂಡೇ ಇರುತ್ತದೆ. ಎಡಗಡೆಯ ತೊಪ್ಪಿಗೆ ಮಾತ್ರ ಪ್ರತಿ ಸಲವೂ ರವೆಯನ್ನು ನೀರಲ್ಲಿ ಕಲಸಿ ನಡುವೆ ಮೆತ್ತಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು. ಆ ಮುದ್ದೆಯ ಭಾರದಿಂದಲೇ ಚರ್ಮಕ್ಕೆ ತುಂಬಿದ ನಾದ ಬರುವುದು. ಅದಿಲ್ಲದೆ ನುಡಿಸಿದರೆ ಖಾಲಿ ಡಬ್ಬ ಬಡಿದ ಹಾಗೆ.

ನಟ್ಟುವಾಂಗದ ಅಕ್ಕ ಗಾಬರಿಯಾಗಲಿಲ್ಲ. “ಮೂರು ಹೊತ್ತೂ ಗೋಧಿ ತಿನ್ನೋ ದೇಶ ಕಣಪ್ಪಾ, ರವೆ ಸಿಗದೆ ಇರುತ್ತಾ? ಹೋಗಿ ತಗೊಂಡು ಬಾ” ಎಂದರು.

ಹಿಂದಿನ ದಿನ ತಂಡದವರೆಲ್ಲ ಸೇರಿ ಊರು ನೋಡಿದ್ದೆವು. ಅಯಾಸೋಫಿಯಾ ಆಯಿತು, ಜಿನೋವಾದವರು 1348ರಲ್ಲಿ ಕಟ್ಟಿದ ಗಲಾಟಾ ಗೋಪುರ ಆಯಿತು, ಫೋಟೋಗಳೂ ಆದವು. ಆದರೆ ಇಡೀ ದಿನ ಆ ಊರಿನ ಒಬ್ಬರ ಜೊತೆಗೂ ನಾನು ಮಾತಾಡಿರಲಿಲ್ಲ. ಆಡಬೇಕಾದ ಗರಜೂ ಬಿದ್ದಿರಲಿಲ್ಲ. ಈಗ ಬಿತ್ತು.

ಹೋಟೆಲಿನ ವೈಫೈ ದಾಟಿದರೆ ನನ್ನ ಫೋನು ಬರೀ ಗಡಿಯಾರ. ಮೊದಲ ದಿನಸಿ ಅಂಗಡಿಯಲ್ಲಿ ಹಿಟ್ಟು ಚೆಲ್ಲುವಂತೆ ಬೆರಳಾಡಿಸಿ ತೋರಿಸಿದೆ. ಮೈದಾ ಕೊಟ್ಟರು. ಅದಕ್ಕಿಂತ ದಪ್ಪ ಎಂದು ಸನ್ನೆ ಮಾಡಿದೆ. ಬುಲ್ಗುರ್ ಬಂತು, ನಮ್ಮ ಗೋಧಿ ನುಚ್ಚಿನಂಥದ್ದು. ಎರಡನೆಯ ಅಂಗಡಿಯಲ್ಲೂ ಅದೇ ಕಥೆ. ಏರು ಹತ್ತಿ, ಇಳಿಜಾರು ಇಳಿದು, ಮೂರನೆಯದನ್ನು ಹುಡುಕುತ್ತಾ ದಾರಿ ತಪ್ಪಿದೆ. ತಪ್ಪಿ ಹೋಗಿ ನಿಂತದ್ದು ಗಾಲಿಪ್ ದೇದೆ ಬೀದಿಯಲ್ಲಿ.

ಆ ಬೀದಿಯ ಉದ್ದಕ್ಕೂ ವಾದ್ಯದಂಗಡಿಗಳೇ. ಗೋಡೆ ತುಂಬ ಔದ್, ಸಾಜ್, ನೇಯ್ ಕೊಳಲುಗಳು, ನೆಲದ ಮೇಲೆ ದರ್ಬುಕಾಗಳ ಸಾಲು. ಮೇಲ್ತುದಿಯಲ್ಲಿ 1491ರಲ್ಲಿ ಶುರುವಾದ ಮೆವ್ಲೆವಿ ಸೂಫಿಗಳ ಮಠ. ಅಲ್ಲಿ ಶೇಖ್ ಆಗಿದ್ದ ಕವಿಯ ಹೆಸರೇ ಬೀದಿಗೂ. ರವೆ ಮರೆತೇಹೋಯಿತು. ಒಂದು ಅಂಗಡಿಯೊಳಗೆ ಒಬ್ಬ ಮುದುಕರು ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಎರಡೂ ಮಂಡಿಗಳ ಮೇಲೆ ತಟ್ಟುತ್ತಾ ಪಾಠ ಹೇಳುತ್ತಿದ್ದರು. ಬಲಮಂಡಿಗೆ ‘ದ್ಯುಮ್’, ಎಡಮಂಡಿಗೆ ‘ತೆಕ್’. ನಾನು ಏಳನೆಯ ವಯಸ್ಸಿನಲ್ಲಿ ತೊಡೆ ತಟ್ಟುತ್ತಾ ಕೂತಿದ್ದ ಜಗಲಿ ಕಣ್ಣಮುಂದೆ ಬಂತು.

ಎಣಿಸಿದೆ. ಒಂಬತ್ತು! ನಮ್ಮಲ್ಲೂ ಒಂಬತ್ತರ ಸಂಕೀರ್ಣ ಇದೆಯಲ್ಲ ಎಂಬ ಹುಮ್ಮಸ್ಸಿನಲ್ಲಿ, ಯಾರೂ ಕೇಳದೆಯೇ ಕೂತು, ತಕದಿಮಿ ತಕತಕಿಟ ಎಂದು ನಾಲ್ಕೂ ಐದೂ ಸೇರಿಸಿ ತಟ್ಟಿದೆ. ಲೆಕ್ಕ ಸರಿಯಿತ್ತು, ಎರಡು ಆವರ್ತನಕ್ಕೂ ಸಮಕ್ಕೆ ಬಂದೆ. ಆದರೆ ಹುಡುಗ ತಡವರಿಸಿ ನಿಲ್ಲಿಸಿಬಿಟ್ಟ. ಮುದುಕರು ಬೈಯಲಿಲ್ಲ. ನನ್ನ ಕೈ ಮೇಲೆ ತಮ್ಮ ಕೈಯಿಟ್ಟು, ಮತ್ತೆ ಮೊದಲಿಂದ ಶುರುಮಾಡಿದರು: ಎರಡು, ಎರಡು, ಎರಡು, ಮೂರು. ಆ ಕೊನೆಯ ಮೂರರಲ್ಲಿ ನಡಿಗೆ ಒಂದು ಕಾಲು ಎಳೆದಂತೆ ಆಗುತ್ತದೆ. ಅದಕ್ಕೇ ಆ ತಾಳದ ಹೆಸರು ಅಕ್ಸಾಕ್, ಕುಂಟು ಎಂದರ್ಥ.

ಮೂವತ್ತು ವರ್ಷ ಪಕ್ಕವಾದ್ಯ ನುಡಿಸಿದವನು ನಾನು. ಹೊಸ ಗಾಯಕರು ಸಿಕ್ಕಾಗ ಮೊದಲ ಕೃತಿಗೆ ಕೈ ತಗ್ಗಿಸಿ, ಅವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಪದವನ್ನು ಎಲ್ಲಿ ಒಡೆಯುತ್ತಾರೆ ಎಂದು ನೋಡಿಕೊಂಡೇ ಮುಂದೆ ಹೋಗುವುದು ನಮ್ಮ ಕಸುಬಿನ ಮೊದಲ ಪಾಠ. ವೇದಿಕೆಯ ಮೇಲೆ ಎಂದೂ ಮರೆಯದ ಅದನ್ನು ಪರವೂರಿನ ಅಂಗಡಿಯೊಂದರಲ್ಲಿ ಮರೆತಿದ್ದೆ. ಮೊತ್ತ ಒಂದೇ ಆದ ಮಾತ್ರಕ್ಕೆ ನಡಿಗೆ ಒಂದೇ ಆಗುವುದಿಲ್ಲ. ಆಮೇಲೆ ಅರ್ಧ ಗಂಟೆ ಬಾಯಿ ಮುಚ್ಚಿ, ಹುಡುಗನ ಪಕ್ಕ ಅವನಷ್ಟೇ ಚಿಕ್ಕವನಾಗಿ ಕೂತು ತಟ್ಟಿದೆ.

ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಚಹಾ ಬಂತು. ಆಗ ನೆನಪಾಯಿತು ರವೆ. ಈ ಸಲ ಪುಡಿಯನ್ನು ತೋರಿಸಲು ಹೋಗದೆ ಕೇಸರಿಬಾತನ್ನೇ ಅಭಿನಯಿಸಿದೆ. ಬಾಣಲೆ ಇಟ್ಟೆ, ಹುರಿದೆ, ನೀರು ಹೊಯ್ದೆ, “ಸಕ್ಕರೆ, ಸಕ್ಕರೆ” ಎಂದೆ. ಮುದುಕರ ಹುಬ್ಬು ಮೇಲೇರಿತು. “ಶೆಕೆರ್?” ಅವರ ಭಾಷೆಯಲ್ಲೂ ಅದೇ ಮಾತು! “ಹಲ್ವ” ಎಂದೆ. “ಇರ್ಮಿಕ್ ಹೆಲ್ವಾಸಿ!” ಎಂದು ಕೂಗಿ ಹುಡುಗನನ್ನು ಓಡಿಸಿದರು. ಅವನು ತಂದ ಪೊಟ್ಟಣ ಒಡೆದು ಬೆರಳಲ್ಲಿ ಉಜ್ಜಿ ನೋಡಿದೆ. ಸಾಕ್ಷಾತ್ ಚಿರೋಟಿ ರವೆ. ಅಲ್ಲಿ ಸತ್ತವರ ಮನೆಯಲ್ಲೂ ಈ ಹೆಲ್ವಾ ಮಾಡಿ ಹಂಚುತ್ತಾರಂತೆ. ಇದು ಆಮೇಲೆ ತಿಳಿದದ್ದು. ದುಡ್ಡು ಕೊಡಹೋದರೆ ಮುದುಕರು ನನ್ನ ಮುಷ್ಟಿಯನ್ನು ಮಡಚಿ ಹಿಂದಕ್ಕೆ ತಳ್ಳಿದರು. ಇವನು ಈ ರವೆಯನ್ನು ಮೃದಂಗಕ್ಕೆ ಮೆತ್ತುತ್ತಾನೆ ಎಂದು ಗೊತ್ತಾಗಿದ್ದರೆ ಏನೆನ್ನುತ್ತಿದ್ದರೋ!

ಸಂಜೆ ತೊಪ್ಪಿ ಚೆನ್ನಾಗಿಯೇ ಮಾತಾಡಿತು. ತಿಲ್ಲಾನದಲ್ಲಿ ಸಿಕ್ಕ ಸ್ವಲ್ಪ ಬಿಡುವಿನಲ್ಲಿ ಆ ಒಂಬತ್ತನ್ನು ತರುವ ಆಸೆ ಬೆರಳ ತುದಿಗೆ ಬಂದಿತ್ತು. ತರಲಿಲ್ಲ. ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಅವರ ಊರಿನಲ್ಲೇ ಅವರಿಗೆ ಬಾರಿಸಿ ತೋರಿಸಿದರೆ, ಬೆಳಿಗ್ಗೆ ಮಾಡಿದ ತಪ್ಪನ್ನೇ ರಾತ್ರಿ ಮೈಕಿನಲ್ಲಿ ಮಾಡಿದಂತೆ ಆಗುತ್ತಿತ್ತು.

ಈಗ ಪರದೇಶಕ್ಕೆ ಹೊರಟಾಗಲೆಲ್ಲ ಮನೆಯವಳು ರವೆಯ ಡಬ್ಬಿಯನ್ನು ತಾನೇ ಪೆಟ್ಟಿಗೆಗೆ ಇಡುತ್ತಾಳೆ, ಎರಡೆರಡು ಸಲ ಮುಟ್ಟಿ ನೋಡುತ್ತಾಳೆ. ಹೋದ ಊರಿನಲ್ಲಿ ಮೊದಲ ದಿನ ನಾನು ಮಾಡುವ ಕೆಲಸ ಮಾತ್ರ ಒಂದೇ. ಡಬ್ಬಿಯನ್ನು ಹೋಟೆಲಿನಲ್ಲೇ ಬಿಟ್ಟು, ರವೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬೀದಿಗೆ ಇಳಿಯುತ್ತೇನೆ.