ಮನೆಗೆಲಸದ ಹೆಸರಿನ ಮೋಸ



ದುಡಿದವನಿಗೆ ಧಣಿಯು ಕೂಲಿ ಕೊಡುವುದು ಲೋಕರೂಢಿ. ದುಡಿಯುವವನಿಂದಲೇ ಹಣ ಕೇಳುವವನು ಧಣಿಯಲ್ಲ, ವಂಚಕನು. ‘ಮನೆಯಲ್ಲೇ ಕುಳಿತು ಗಳಿಸಿರಿ’ ಎಂದು ಫೋನಿಗೆ ಬರುವ ಕರೆಗಳನ್ನು ನಾವು ಈ ಒರೆಗೆ ಹಚ್ಚಿ ನೋಡೋಣ.

ಮೊದಲು ವಾಟ್ಸಾಪಿನಲ್ಲಿ ಅಪರಿಚಿತರ ಸಂದೇಶವೊಂದು ಬರುತ್ತದೆ. ಯೂಟ್ಯೂಬಿನ ವಿಡಿಯೋಗಳಿಗೆ ಲೈಕ್ ಒತ್ತಿದರೆ ನೂರಿನ್ನೂರು ರೂಪಾಯಿ ನಿಜವಾಗಿಯೂ ಕೈಸೇರುತ್ತದೆ. ಅದು ಕೂಲಿಯಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು. ನಂಬಿಕೆ ಬೆಳೆದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ದೊಡ್ಡ ಕೆಲಸಕ್ಕೆ ಮುಂಗಡ ಕಟ್ಟಿರೆನ್ನುತ್ತಾರೆ. ಪರದೆಯ ಮೇಲೆ ಲಾಭದ ಅಂಕಿ ಏರುತ್ತದೆ. ಪಡೆಯಹೋದರೆ ತೆರಿಗೆಯೆಂದು, ಶುಲ್ಕವೆಂದು ಮತ್ತೆ ಹಣ ಕೇಳುತ್ತಾರೆ. ಹೋದುದನ್ನು ಮರಳಿ ಪಡೆಯುವ ಆಸೆಯೇ ಇನ್ನಷ್ಟನ್ನು ಕಳೆಯುತ್ತದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇಂತಹ ವಂಚನೆಗಳಲ್ಲಿ ತೊಡಗಿದ್ದ 100ಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಿತು.

ನೆನಪಿಡತಕ್ಕ ಅಂಶಗಳು ಮೂರು. ಕೆಲಸಕ್ಕಾಗಿ ಹಣ ಕಟ್ಟಬಾರದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಕಮಿಷನ್ನಿನ ಆಸೆಗೆ ನಮ್ಮ ಬ್ಯಾಂಕ್ ಖಾತೆಯನ್ನು ಪರರಿಗೆ ಬಿಟ್ಟುಕೊಡಬಾರದು. ಅದು ಅಪರಾಧಕ್ಕೆ ನೆರವಾದಂತೆ.

ನಮ್ಮ ಅನೇಕ ಮನೆಗಳಲ್ಲಿ ಫೋನಿನ ಸಂದೇಶಗಳನ್ನು ತಾಯಂದಿರಿಗೆ ಓದಿ ಹೇಳುವವರು ಮಕ್ಕಳೇ. ಆದುದರಿಂದ ಈ ಪಾಠವನ್ನು ಅವರಿಗೂ ಮುಟ್ಟಿಸಿರಿ. ಮೋಸವಾದರೆ ನಾಚಿ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಉಳಿಯುವ ಸಂಭವ ಹೆಚ್ಚು.