ಅಣಬೆಯ ಬಂದಣಿಕೆ

ಮಾವಿನ ಮರಕ್ಕೆ ಬಂದಣಿಕೆ ಹತ್ತಿ ಅದರ ರಸವನ್ನೇ ಹೀರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೊಳೆತ ಹುಲ್ಲು ಮರಗಳನ್ನುಂಡು ಬದುಕುವ ಅಣಬೆಗೂ ಒಂದು ಬಂದಣಿಕೆಯುಂಟೆಂದರೆ ವಾಚಕರಿಗೆ ಸೋಜಿಗವೆನಿಸೀತು. ಅದರ ಹೆಸರು ಟ್ರೈಕೋಡರ್ಮ. ಅಣಬೆಯಂತೆ ಅದೂ ಶಿಲೀಂಧ್ರವೇ. ಜನರ ಮಾತಿನಲ್ಲಿ ಹಸಿರು ಬೂಷ್ಟು.

ಬೆಳ್ಳಂದೂರು ಕೆರೆಯ ಕೆಳಗೆ ಭತ್ತದ ಗದ್ದೆಗಳಿದ್ದ ಕಾಲ ಹೋಯಿತು. ಈಗ ಅಣಬೆ ಬೆಳೆಯುವವರು ಹುಲ್ಲನ್ನೂ ಹೊರಗಿನಿಂದ ಕೊಂಡು ತರಬೇಕು. ನಮ್ಮ ಬೀದಿಯ ಗೃಹಿಣಿಯೊಬ್ಬರು ಸಂಘದಲ್ಲಿ ಸಾಲವೆತ್ತಿ ಚಿಪ್ಪು ಅಣಬೆಯ ಚೀಲಗಳನ್ನು ಕಟ್ಟಿದರು. ಮೂರನೆಯ ವಾರ ಅರ್ಧಕ್ಕರ್ಧ ಚೀಲಗಳು ಹಸಿರಾದವು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, "ಓದಿದವನಲ್ಲವೇನಪ್ಪ, ಇದೇನು ಹೇಳು" ಎಂದು ನನ್ನನ್ನೇ ಕೇಳಿದರು. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೆ? ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಅಣಬೆಯ ಎಳೆಯೂ ಬಿಳಿ, ಎಳೆಯ ಬೂಷ್ಟೂ ಬಿಳಿ. ಆದ್ದರಿಂದ ಮೊದಮೊದಲು ಶತ್ರುವಿನ ಗುರುತೇ ಹತ್ತದು. ಹಸಿರು ಕಾಣುವುದು ಅದು ಬೀಜಕಣಗಳನ್ನು ಬಿಟ್ಟ ಮೇಲೆ. ಅಷ್ಟರಲ್ಲಿ ಅದರ ಎಳೆಗಳು ಅಣಬೆಯ ಎಳೆಗಳನ್ನು ಹಾವಿನಂತೆ ಸುತ್ತಿ, ಕಿಣ್ವಗಳನ್ನು ಸ್ರವಿಸಿ, ಅವುಗಳ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವನ್ನು ಕರಗಿಸಿರುತ್ತವೆ. ಕೀಟಗಳ ಕವಚದಲ್ಲಿರುವುದೂ ಇದೇ ಕೈಟಿನ್.

ವಿಚಿತ್ರವೇನೆಂದರೆ, ಇದೇ ಕುಲದ ಬೂಷ್ಟನ್ನು ನಮ್ಮ ಮಲೆನಾಡಿನ ರೈತರು ಹಣ ಕೊಟ್ಟು ತರುತ್ತಾರೆ! ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರಗಳೊಡನೆ ಬೆರೆಸಿ ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಶುಂಠಿಯ ಗಡ್ಡೆ ಕೊಳೆಗೂ ಹಾಕುತ್ತಾರೆ. ಬೇರು ಕೊಳೆಸುವ ಜೀವಿಗಳನ್ನು ತಿನ್ನುವ ಗುಣವೇ ಅಲ್ಲಿ ಔಷಧ, ಇಲ್ಲಿ ಮಾರಿ. 1985ರಲ್ಲಿ ಐರ್ಲೆಂಡಿನ ಗುಂಡಿ ಅಣಬೆಯ ಮನೆಗಳಲ್ಲಿ ಹಸಿರು ಬೂಷ್ಟು ಹಬ್ಬಿದಾಗ, ರೈತನ ಮಿತ್ರನಾದ ಹಾರ್ಜಿಯಾನಮ್ ಜಾತಿಯ ಮೇಲೆಯೇ ಗುಮಾನಿ ಬಿದ್ದಿತು. ಅಪರಾಧಿ ಅದಲ್ಲ, ಅದರ ದಾಯಾದಿಯೆಂದು ತಿಳಿದು, 2002ರಲ್ಲಿ ಅದಕ್ಕೆ ಅಗ್ರೆಸೀವಮ್ ಎಂಬ ಬೇರೆ ಹೆಸರಿಟ್ಟರು. ತಕ್ಕ ಹೆಸರೇ.

ಅಣಬೆಯೂ ಶಿಲೀಂಧ್ರವಾದ್ದರಿಂದ ಶಿಲೀಂಧ್ರವನ್ನು ಕೊಲ್ಲುವ ಮದ್ದು ಅದಕ್ಕೂ ತಾಗುವ ಭಯವುಂಟು. ಶುಚಿತ್ವವೇ ಮುಖ್ಯ ಉಪಾಯ. ಹುಲ್ಲನ್ನು ಬಿಸಿನೀರಿನಲ್ಲಿ ಚೆನ್ನಾಗಿ ಹದಗೊಳಿಸಿ, ನೀರು ಬಸಿಯಬೇಕು. ಹೆಸರುಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ನಂಬಿಕೆಯ ಕಡೆಯಿಂದ ಬೀಜ ತರಬೇಕು. ಹಸಿರಾದ ಚೀಲವನ್ನು ಕೋಣೆಯೊಳಗೆ ಬಿಚ್ಚದೆ, ಕಟ್ಟಿದಂತೆಯೇ ದೂರ ಸಾಗಿಸಬೇಕು. ಟ್ರೈಕೋಡರ್ಮ ಬೆರೆಸಿದ ಗೊಬ್ಬರ ಮುಟ್ಟಿದವರು ಕೈಕಾಲು ತೊಳೆದು, ಬಟ್ಟೆ ಬದಲಿಸದೆ ಅಣಬೆಯ ಕೋಣೆಗೆ ಕಾಲಿಡಬಾರದು.