ಕಾರ್ನರ್ ಬಂತು, ಯಾರ ಕಾವಲು ಎಲ್ಲಿ?

ಶಾಲೆಯ ತಂಡಕ್ಕೋ ಊರಿನ ಕ್ಲಬ್ಬಿಗೋ ಫುಟ್‌ಬಾಲ್ ಕಲಿಸುತ್ತಿದ್ದೀರಾ? ಕಾರ್ನರ್ ಕಿಕ್ ತಡೆಯುವ ಬಗ್ಗೆ ನಿಮಗೊಂದು ಕಿವಿಮಾತು.

ಒಬ್ಬೊಬ್ಬ ಎದುರಾಳಿಗೂ ಒಬ್ಬೊಬ್ಬರನ್ನು ಅಂಟಿಸುವುದು ಮ್ಯಾನ್ ಮಾರ್ಕಿಂಗ್. ಗೋಲಿನ ಮುಂದಿನ ಜಾಗವನ್ನೇ ಹಂಚಿಕೊಂಡು ಕಾಯುವುದು ಝೋನಲ್ ಮಾರ್ಕಿಂಗ್. ಮೊದಲನೆಯದರಲ್ಲಿ ಹೊಣೆ ಸ್ಪಷ್ಟ. ಆದರೆ ಎದುರಾಳಿಗಳು ಅಡ್ಡ ನಿಂತು ನಿಮ್ಮವರನ್ನು ತಡೆದರೆ ಒಬ್ಬ ತಪ್ಪಿಸಿಕೊಂಡುಬಿಡುತ್ತಾನೆ. ಎರಡನೆಯದರಲ್ಲಿ ಅಪಾಯದ ಜಾಗ ಖಾಲಿ ಬೀಳದು. ಆದರೆ ನಿಂತಲ್ಲೇ ನೆಗೆಯುವವನಿಗಿಂತ ಓಡಿಬಂದು ನೆಗೆಯುವವನೇ ಎತ್ತರಕ್ಕೇರುತ್ತಾನೆ.

ಆದ್ದರಿಂದ ಎರಡನ್ನೂ ಬೆರೆಸಿ. ಹೆಡರ್‌ನಲ್ಲಿ ಗಟ್ಟಿಗರಾದ ಮೂರ್ನಾಲ್ವರು ಗೋಲಿನಿಂದ 5.5 ಮೀಟರ್ ದೂರದ ಗೆರೆಯ ಬಳಿ ಜಾಗ ಕಾಯಲಿ. ಒಬ್ಬ ಹತ್ತಿರದ ಕಂಬದ ಬಳಿಯಿರಲಿ. ಉಳಿದವರು ಎದುರಾಳಿಯ ಒಳ್ಳೆಯ ಹೆಡರ್‌ಗಾರರ ಓಟಕ್ಕೆ ತಡೆಯೊಡ್ಡಲಿ. ಒಬ್ಬರು ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ, ಹೊರಗೆ ಚಿಮ್ಮುವ ಚೆಂಡಿಗಾಗಿ ಸಿದ್ಧವಿರಲಿ.

1998ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಝಿದಾನ್ ಮೊದಲಾರ್ಧದಲ್ಲೇ ಎರಡು ಕಾರ್ನರ್‌ಗಳಿಗೆ ತಲೆಕೊಟ್ಟು ಬ್ರೆಜಿಲ್ ವಿರುದ್ಧ ಎರಡು ಗೋಲು ಹೊಡೆದರು. ಮೊದಲ ಪೆಟ್ಟು ಬಿದ್ದಾಗಲೇ ಕಾವಲನ್ನು ಸರಿಪಡಿಸಿಕೊಳ್ಳಬೇಕು.

2019ರ ಮೇ 7ರಂದು ಲಿವರ್‌ಪೂಲ್‌ನ ಅಲೆಕ್ಸಾಂಡರ್-ಅರ್ನಾಲ್ಡ್ ಥಟ್ಟನೆ ಕಾರ್ನರ್ ಒದ್ದಾಗ ಬಾರ್ಸಿಲೋನಾದವರು ಇನ್ನೂ ಸಜ್ಜಾಗಿರಲಿಲ್ಲ. ಒರಿಗಿ ಗೋಲು ಹೊಡೆದೇಬಿಟ್ಟರು, ಪಂದ್ಯ 4-0. ಮೈಮರೆತರೆ ಯಾವ ಪದ್ಧತಿಯೂ ಕಾಯದು.

ಟಿವಿಯಲ್ಲಿ ಕಂಡದ್ದನ್ನು ಹಾಗೆಯೇ ಹೇರಬೇಡಿ. ನಿಮ್ಮ ಮಕ್ಕಳ ಎತ್ತರ, ಧೈರ್ಯ, ಗೋಲ್‌ಕೀಪರ್‌ನ ಕೈಚಳಕ ನೋಡಿ ಆರಿಸಿ. ಆರಿಸಿದ ಮೇಲೆ ವಾರವಾರವೂ ಅಭ್ಯಾಸ ಮಾಡಿಸಿ. ತನ್ನ ಕೆಲಸವೇನೆಂದು ಪ್ರತಿ ಮಗುವಿಗೂ ಗೊತ್ತಿದ್ದರೆ ಅರ್ಧ ಗೆದ್ದಂತೆ.